ಅಪಘಾತ ನಡೆದ ಸ್ಥಳ

ಆ ಬೆಳಿಗ್ಗೆ ಹೆರಿಗೆ ಕೋಣೆಯ ನೆಲವನ್ನು ನಾನೇ ಒರೆಸಿದೆ. ಒಂದು ಹೆರಿಗೆ ಮುಗಿದು ಅರ್ಧ ಗಂಟೆಯಾಗಿತ್ತು. ಮೇಜಿನ ಕೆಳಗೆ ರಕ್ತ ಹೆಪ್ಪುಗಟ್ಟಿತ್ತು. ಹೊರಗಿನ ಬೆಂಚಿನ ಮೇಲೆ ಇನ್ನೊಬ್ಬಳು ಗೋಡೆಗೆ ತಲೆಯೊತ್ತಿ ನೋವು ತಿನ್ನುತ್ತಿದ್ದಳು. ಸ್ವಚ್ಛತೆಯವರನ್ನು ಕರೆತರಲು ಹೋದ ನರ್ಸ್ ಎರಡು ಸಲವೂ ಒಬ್ಬಳೇ ತಿರುಗಿ ಬಂದಳು. ರಕ್ತದ ಮೇಲೆ ಬ್ಲೀಚಿಂಗ್ ದ್ರಾವಣ ಸುರಿದು, ಹತ್ತು ನಿಮಿಷ ಬಿಟ್ಟು, ಹಳೆ ಬಟ್ಟೆಯಲ್ಲಿ ಬಳಿದು, ಆಮೇಲೆ ಇಡೀ ನೆಲಕ್ಕೆ ಫಿನಾಯಿಲ್ ಹಾಕಬೇಕು. ಹತ್ತು ನಿಮಿಷ ಕಾಯುವ ಹಾಗಿರಲಿಲ್ಲ. ಐದಕ್ಕೇ ಬಳಿದೆ. ಬೆಂಚಿನ ಮೇಲಿದ್ದವಳನ್ನು ಒಳಗೆ ತಂದು ಮಲಗಿಸುವಾಗ ನೆಲ ಇನ್ನೂ ಒದ್ದೆಯಿತ್ತು.

ಹಾಜರಿ ಪುಸ್ತಕದ ಪ್ರಕಾರ ಆ ಹೊತ್ತಿಗೆ ಸ್ವಚ್ಛತೆಯ ಹನ್ನೊಂದು ಹೆಂಗಸರು ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದರು. ನಾನು ಕೈ ತೊಳೆದುಕೊಂಡು ಎಲ್ಲ ವಾರ್ಡುಗಳನ್ನೂ ಸುತ್ತಿದೆ. ಏಳು ಜನ ಸಿಕ್ಕರು.

ಭಟ್ಕಳದಿಂದ ಕುಮಟೆಯವರೆಗೆ ಹೆದ್ದಾರಿಯ ಆಚೀಚೆ ಇರುವ ಸರ್ಕಾರಿ ಆಸ್ಪತ್ರೆಗಳಲ್ಲಿ ಅದೂ ಒಂದು. ಯಾವುದೆಂದು ಬರೆಯುವುದಿಲ್ಲ, ಇಲ್ಲಿ ಬರುವವರ ಹೆಸರನ್ನೂ ಬರೆಯುವುದಿಲ್ಲ. ನಾನು ಆಗ ಅಲ್ಲಿ ಶುಶ್ರೂಷಾ ಅಧೀಕ್ಷಕಿಯ ಪ್ರಭಾರದಲ್ಲಿದ್ದೆ. ಸ್ವಚ್ಛತೆಯ ಕೆಲಸ ಹೊರಗುತ್ತಿಗೆಯದು. ಗುತ್ತಿಗೆದಾರರು ಜನ ಕೊಡುತ್ತಾರೆ, ಸರ್ಕಾರ ತಲೆ ಲೆಕ್ಕದಲ್ಲಿ ಅವರಿಗೆ ಹಣ ಕೊಡುತ್ತದೆ. ಬ್ಲೀಚಿಂಗ್ ಪುಡಿ, ಫಿನಾಯಿಲ್, ಕೈಗವಸು, ಬಟ್ಟೆ ಒಗೆಯುವ ದೊಡ್ಡ ಯಂತ್ರ, ನೀರು, ಕರೆಂಟು ಎಲ್ಲ ಆಸ್ಪತ್ರೆಯವು. ತಿಂಗಳ ಕೊನೆಗೆ ಗುಮಾಸ್ತರು ಒಂದು ಹಾಳೆ ತರುತ್ತಿದ್ದರು: ಮೇಲ್ಕಂಡವರೆಲ್ಲ ಪೂರ್ಣಾವಧಿ ಕೆಲಸ ನಿರ್ವಹಿಸಿದ್ದಾರೆಂದು ದೃಢೀಕರಿಸಲಾಗಿದೆ. ಅದರ ಕೆಳಗೆ ನನ್ನ ಸಹಿ ಬೀಳದೆ ಗುತ್ತಿಗೆದಾರರ ಬಿಲ್ಲು ಮುಂದೆ ಹೋಗುವ ಹಾಗಿರಲಿಲ್ಲ.

ಉಳಿದ ನಾಲ್ವರು ಎಲ್ಲಿದ್ದಾರೆಂದು ಮರುದಿನ ಗೊತ್ತಾಯಿತು. ಬೆಳಿಗ್ಗೆ ಏಳಕ್ಕೆ ಎಲ್ಲರೂ ಬಂದು ಯಂತ್ರಕ್ಕೆ ಹೆಬ್ಬೆಟ್ಟು ಒತ್ತಿದರು. ಶವಾಗಾರದ ಹಿಂದೆ ಒಂದು ಟೆಂಪೋ ನಿಂತಿತ್ತು. ನಾಲ್ವರು ಅದನ್ನು ಹತ್ತಿದರು. ಎರಡು ಡಬ್ಬ ಫಿನಾಯಿಲ್ ಕೂಡ ಹತ್ತಿತು. ಗುತ್ತಿಗೆದಾರರಿಗೆ ಒಂದು ಕಲ್ಯಾಣ ಮಂಟಪವಿತ್ತು. ಅಪ್ಸರಕೊಂಡಕ್ಕೆ ಬರುವ ಪ್ರವಾಸಿಗರಿಗೆಂದು ಒಂದು ಹೋಂಸ್ಟೇಯೂ ಇತ್ತು. ಸರ್ಕಾರ ಆಸ್ಪತ್ರೆಗೆಂದು ಹಣ ಕೊಟ್ಟ ಹೆಂಗಸರು ದಿನವಿಡೀ ಅಲ್ಲಿ ಗುಡಿಸಿ, ಒರೆಸಿ, ಪಾತ್ರೆ ತಿಕ್ಕಿ, ಸಂಜೆ ನಾಲ್ಕಕ್ಕೆ ಬಂದು ಮತ್ತೆ ಹೆಬ್ಬೆಟ್ಟು ಒತ್ತಿ ಮನೆಗೆ ಹೋಗುತ್ತಿದ್ದರು.

ಬಟ್ಟೆಯದು ಇನ್ನೊಂದು ಕಥೆ. ನಮ್ಮ ಹಾಸಿಗೆ ಬಟ್ಟೆ ಹಸಿರು. ಒಂದು ದಿನ ಶಸ್ತ್ರಚಿಕಿತ್ಸೆಯ ಬಟ್ಟೆ ಸಾಲದು ಎಂದು ಲಾಂಡ್ರಿ ಕೋಣೆಗೆ ಹೋದರೆ ಯಂತ್ರದೊಳಗೆ ಬಿಳಿ ಬಟ್ಟೆ ತಿರುಗುತ್ತಿತ್ತು. ಮೂಲೆಯ ಬಕೆಟ್ಟುಗಳಲ್ಲಿ ನಮ್ಮ ಹಸಿರು ಬಟ್ಟೆ ನೆನೆದು ನಾರುತ್ತಿತ್ತು. ಯಂತ್ರ ನೋಡಿಕೊಳ್ಳುತ್ತಿದ್ದ ಹೆಂಗಸು, ಇವಳನ್ನು ಲಾಂಡ್ರಿಯವಳು ಎಂದೇ ಕರೆಯುತ್ತೇನೆ, ನನ್ನನ್ನು ಕಂಡು ಎದ್ದು ನಿಂತಳು. ಒಗೆಯದೆ ಉಳಿದ ಬಿಳಿ ಬಟ್ಟೆಯೊಂದನ್ನು ಬಿಡಿಸಿದೆ. ಮದುವೆಯ ಊಟದ ಮೇಜಿಗೆ ಹಾಸುವ ಬಟ್ಟೆ. ಅದರ ತುಂಬ ಸಾರಿನ ಕಲೆ.

ಆಡಳಿತ ವೈದ್ಯಾಧಿಕಾರಿಗಳಿಗೆ ಹೇಳಿದೆ. ಅವರು ಬಯಲುಸೀಮೆಯವರು. ಕೆಟ್ಟವರಲ್ಲ, ದಣಿದವರು.

"ಸಿಸ್ಟರ್, ಇವರನ್ನು ಬಿಟ್ಟರೆ ಇನ್ಯಾರು ಬರ್ತಾರೆ? ಹಿಂದೆ ಟೆಂಡರ್ ತಡವಾದಾಗ ಏನಾಗಿತ್ತು, ನೆನಪಿದೆಯಲ್ಲ?" ಎಂದರು.

ನೆನಪಿತ್ತು. ವಾರಗಟ್ಟಲೆ ಸ್ವಚ್ಛತೆಗೆ ಒಬ್ಬರೂ ಇರಲಿಲ್ಲ. ಶೌಚಾಲಯಗಳಿಗೆ ಬೀಗ ಹಾಕಿದ್ದೆವು. "ಏಳು ಜನ ಇದ್ದಾರಲ್ಲ, ಏಳರಲ್ಲಿ ನಡೆಸಿ. ನಾನು ಅವರ ಹತ್ತಿರ ಮಾತಾಡ್ತೀನಿ" ಎಂದರು. ಮಾತಾಡಿದರೋ ಇಲ್ಲವೋ ನನಗೆ ತಿಳಿಯದು. ತಿಂಗಳ ಕೊನೆಗೆ ಹಾಳೆ ಬಂತು, ಸಹಿ ಹಾಕಿದೆ. ಹಾಗೆ ಐದು ತಿಂಗಳು, ಗೊತ್ತಿದ್ದೂ ಹಾಕಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಟೆಂಪೋ ಹತ್ತುವ ನಾಲ್ವರಲ್ಲಿ ಹೆಚ್ಚು ದಿನ ಇರುತ್ತಿದ್ದವಳು ಮುಟ್ಟಳ್ಳಿಯ ಹೆಣ್ಣು. ಮದುವೆಯಾಗಿ ಬಂದದ್ದು ಹೊಳೆಯಂಚಿನ ಊರಿಗೆ, ಆದರೂ ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ತವರಿನ ಹೆಸರಿನಿಂದ ಮುಟ್ಟಳ್ಳಿ ಎಂದೇ ಕರೆಯುತ್ತಿದ್ದರು. ಗಟ್ಟಿ ಮೈಯವಳು. ನೀರು ತುಂಬಿದ ಎರಡು ಬಕೆಟ್ಟು ಹಿಡಿದು ಮೆಟ್ಟಿಲು ಹತ್ತುವಾಗಲೂ ಮಾತಾಡುತ್ತಿದ್ದಳು. ಚೊಚ್ಚಲ ಬಸುರಿಯರು ಕಿರುಚಿದರೆ ಒರೆಸುವ ಕೋಲು ಗೋಡೆಗೊರಗಿಸಿ, ಕೈ ತೊಳೆದುಕೊಂಡು ಬಂದು ತಲೆಯ ಬಳಿ ನಿಲ್ಲುತ್ತಿದ್ದಳು. ಅದು ಅವಳ ಕೆಲಸವಲ್ಲ. ಆದರೆ ಅವಳು ನಿಂತರೆ ನಮಗೆ ಅರ್ಧ ಕೆಲಸ ಕಡಿಮೆ. ಒಮ್ಮೆ ಅವಳನ್ನು ಕೇಳಿದೆ, "ನೀನು ಯಾಕೆ ಹೋಗ್ತೀಯ ಮಾರಾಯ್ತಿ? ನಿನ್ನ ಡ್ಯೂಟಿ ಇಲ್ಲಿ ಅಲ್ವಾ?"

"ಎಂತ ಮಾಡೂದು ಸಿಸ್ಟರ್? ಟೆಂಪೋ ಹತ್ತು ಅಂದ್ರೆ ಹತ್ತೂದು. ಹತ್ತೂದಿಲ್ಲ ಅಂದ್ರೆ ನಾಳೆಂದ ಬರೂದು ಬೇಡ ಹೇಳ್ತಾರೆ. ಹೋದ ಮಳೆಗಾಲದಲ್ಲಿ ಒಬ್ಳಿಗೆ ಹಂಗೇ ಆತು." ಆಮೇಲೆ ನನ್ನ ಮುಖ ನೋಡಿ ನಕ್ಕಳು. "ನೀವು ಹೇಳಿದ್ರೆ ನಿಲ್ತದೇನ ಏನ."

ಆ ತಿಂಗಳ ಹಾಳೆಗೂ ಸಹಿ ಹಾಕಿದೆ.

ಮೇ ಮುಗಿಯುತ್ತ ಬಂದಿತ್ತು. ಮದುವೆಗಳ ಕಾಲ ಮುಗಿದು, ಮಳೆಗೆ ಮೊದಲು ಎಲ್ಲರೂ ಮನೆಯ ಮಾಡು, ಹೆಂಚು ಸರಿಮಾಡಿಸುವ ದಿನಗಳು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ತುರ್ತು ಚಿಕಿತ್ಸಾ ಕೊಠಡಿಯ ಮುಂದೆ ಆ ಟೆಂಪೋ ಬಂದು ನಿಂತಿತು. ಗುತ್ತಿಗೆದಾರರ ಮೇಲ್ವಿಚಾರಕ ಮುಂದಿನಿಂದ ಇಳಿದ. ಹಿಂದೆ ಇಬ್ಬರು ಹೆಂಗಸರ ತೊಡೆಯ ಮೇಲೆ ಮುಟ್ಟಳ್ಳಿಯನ್ನು ಮಡಚಿ ಕೂರಿಸಿದ್ದರು. ಆಸ್ಪತ್ರೆಯ ನೀಲಿ ಕೋಟು ಮೈಮೇಲೇ ಇತ್ತು. "ಎತ್ತಬೇಡಿ, ಯಾರೂ ಎತ್ತಬೇಡಿ" ಎಂದು ನಾನು ಕೂಗುವಷ್ಟರಲ್ಲಿ ಮೇಲ್ವಿಚಾರಕ ಅವಳ ಕಂಕುಳಿಗೆ ಕೈ ಹಾಕಿ ಎಳೆದಾಗಿತ್ತು.

ಹಲಗೆ ತರಿಸಿದೆವು. ಕುತ್ತಿಗೆಗೆ ಪಟ್ಟಿ ಹಾಕಿದೆವು. ನಾಲ್ವರು ಒಟ್ಟಿಗೆ, ಒಂದೇ ಮರದ ದಿಮ್ಮಿಯಂತೆ ಅವಳನ್ನು ಹೊರಳಿಸಿ ಹಲಗೆಯ ಮೇಲೆ ತಂದೆವು. ಕೈಬೆರಳುಗಳು ಆಡುತ್ತಿದ್ದವು. ಡ್ಯೂಟಿ ಡಾಕ್ಟರು ಸೂಜಿಯ ಮೊನೆಯಿಂದ ಪಾದದಿಂದ ಮೇಲಕ್ಕೆ ಚುಚ್ಚುತ್ತ ಬಂದರು. ಹೊಕ್ಕಳು ದಾಟಿದ ಮೇಲೆ ಅವಳು "ಹಾಂ" ಎಂದಳು.

"ಸಿಸ್ಟರ್, ನನ್ನ ಕಾಲು ಎಲ್ಲದೆ?" ಎಂದು ಕೇಳಿದಳು. ಹೆದರಿಕೆಯ ಧ್ವನಿಯಲ್ಲ. ಎಲ್ಲೋ ಇಟ್ಟು ಮರೆತದ್ದನ್ನು ಕೇಳುವ ಹಾಗೆ.

"ಎಂತ ಆದದ್ದು?" ಎಂದು ಡಾಕ್ಟರು ಕೇಳಿದಾಗ ಮೇಲ್ವಿಚಾರಕ ಹೇಳಿದ, "ಇಲ್ಲೇ ಸರ್, ಹಿಂದಿನ ಮೆಟ್ಲ ಮೇಲೆ. ಒರೆಸ್ತಾ ಇದ್ಲು, ಜಾರಿ ಬಿದ್ಲು." ಹಿಂದಿನ ಮೆಟ್ಟಿಲು ಇರುವುದು ಮೂರು. ಅವಳ ಕೂದಲಲ್ಲಿ ಕೊಳೆತ ಒಣ ಎಲೆಗಳಿದ್ದವು. ಕೋಟಿನ ಬೆನ್ನಿಗೆ ಪಾಚಿ, ಮೊಣಕೈ ಗಾಯದಲ್ಲಿ ಹಳದಿ ಫೈಬರ್ ಶೀಟಿನ ಚೂರು. ಡಾಕ್ಟರು ಮೇಲ್ವಿಚಾರಕ ಹೇಳಿದ್ದನ್ನೇ ಪೊಲೀಸರಿಗೆ ಹೋಗುವ ರಿಜಿಸ್ಟರಿನಲ್ಲಿ ಬರೆದುಕೊಂಡರು. ನಾನು ಶುಶ್ರೂಷೆಯ ಹಾಳೆಯಲ್ಲಿ ನಾಡಿ, ರಕ್ತದೊತ್ತಡ, ಮೂತ್ರದ ಕೊಳವೆ ಹಾಕಿದ ಹೊತ್ತು ಬರೆದು, ಅದರ ಕೆಳಗೆ ಕೂದಲಲ್ಲಿ ಎಲೆ, ಬಟ್ಟೆಗೆ ಪಾಚಿ, ಗಾಯದಿಂದ ತೆಗೆದ ಫೈಬರ್ ಚೂರು ಮೂರು ಎಂದೂ ಬರೆದೆ. ಧೈರ್ಯದಿಂದ ಬರೆದದ್ದಲ್ಲ. ಕಂಡದ್ದನ್ನು ಬರೆಯುವುದು ನರ್ಸಿನ ರೂಢಿ, ಅಷ್ಟೆ.

ಆಂಬುಲೆನ್ಸಿನಲ್ಲಿ ಮಂಗಳೂರಿಗೆ ಕಳಿಸಿದೆವು. ನಮ್ಮ ಜಿಲ್ಲೆಯಲ್ಲಿ ಬೆನ್ನುಮೂಳೆ ಮುರಿದವರಿಗೆ ಅದೇ ದಾರಿ. ಜೊತೆಗೆ ನಮ್ಮ ಒಬ್ಬ ನರ್ಸ್ ಹೋದಳು. ಮಧ್ಯಾಹ್ನ ಹಾಜರಿ ಪುಸ್ತಕ ತೆಗೆದು ನೋಡಿದೆ. ಆ ದಿನ ಮುಟ್ಟಳ್ಳಿಯ ಹೆಸರಿನ ಮುಂದೆ ಹಾಜರು ಎಂದಿತ್ತು. ಬೆಳಗಿನ ಸುತ್ತಿನಲ್ಲಿ ನಾನೇ ಚುಟುಕು ಸಹಿ ಹಾಕಿದ್ದೆ.

ಮರುದಿನ ಗುತ್ತಿಗೆದಾರರು ಬಂದರು. ಬಿಳಿ ಅಂಗಿ, ಮೆಲು ಮಾತು. ನನ್ನ ಕೋಣೆಯ ಬಾಗಿಲಲ್ಲಿ ನಿಂತು ಒಳಗೆ ಬರಬಹುದೇ ಎಂದು ಕೇಳಿಯೇ ಬಂದರು. ಅವರ ಕೈಯಲ್ಲಿ ನೌಕರರ ವಿಮಾ ಕಚೇರಿಗೆ ಕೊಡುವ ಅಪಘಾತ ವರದಿಯ ನಮೂನೆ ಇತ್ತು. ಎಲ್ಲ ಕಾಲಮು ತುಂಬಿಯಾಗಿತ್ತು. ಅಪಘಾತ ನಡೆದ ಸ್ಥಳ ಎಂಬಲ್ಲಿ ಆಸ್ಪತ್ರೆಯ ಹಿಂಭಾಗದ ಮೆಟ್ಟಿಲು. ಸಾಕ್ಷಿ ಎಂಬಲ್ಲಿ ಮೇಲ್ವಿಚಾರಕನ ಸಹಿ. ಅದರ ಕೆಳಗೆ ನನ್ನದೊಂದು ಬೇಕಿತ್ತು.

"ಅವಳು ಮೆಟ್ಲಿಂದ ಬೀಳಲಿಲ್ಲ" ಎಂದೆ.

"ಸಿಸ್ಟರ್, ನಾನು ಓಡಿ ಹೋಗೂ ಜನ ಅಲ್ಲ. ಅವಳಿಗೆ ಸಿಗ್ಬೇಕಾದ್ದು ಸಿಗ್ಲಿ ಹೇಳಿಯೇ ಈ ಕಾಗದ ಮಾಡಿಸದ್ದು. ಮೆಟ್ಲು ಅಂತ ಇದ್ರೆ ಡ್ಯೂಟಿಯಲ್ಲಿ ಬಿದ್ಲು ಅಂತ ಆಗ್ತದೆ, ಪಿಂಚಣಿ ಬರ್ತದೆ. ಮಂಟಪ ಅಂತ ಬರದ್ರೆ ಹೊರಗೆ ಕೂಲಿಗೆ ಹೋಗಿದ್ಲು ಅಂತ ಆಗ್ತದೆ. ಆಗ ಅವಳಿಗೆ ಎಂತ ಸಿಗ್ತದೆ?" ಕಾಗದವನ್ನು ನನ್ನ ಮೇಜಿನ ಮೇಲಿಟ್ಟು ಹೇಳಿದರು, "ಮತ್ತೆ ಹಾಜರಿ ಪುಸ್ತಕದಲ್ಲಿ ನಿಮ್ಮ ಸಹಿಯೂ ಇದ್ಯಲ್ಲ. ನಿಮಗೂ ತೊಂದ್ರೆ ಬೇಡ."

ಒಂದು ದಿನ ಸಮಯ ಕೇಳಿದೆ. ಸಂಜೆ ಮುಟ್ಟಳ್ಳಿಯ ಗಂಡ ಬಂದ. ಮೀನುಗಾರಿಕೆ ಬೋಟಿನಲ್ಲಿ ಬಲೆ ಎಳೆಯುವ ಕಲಾಸಿ. ಬಂದರಿನಿಂದ ನೇರ ಮಂಗಳೂರಿಗೆ ಹೋಗಿ, ಅಲ್ಲಿಂದ ನೇರ ನನ್ನ ಹತ್ತಿರ ಬಂದಿದ್ದ. ಕಣ್ಣು ಕೆಂಪಾಗಿತ್ತು. ಡಾಕ್ಟರು ಇನ್ನು ನಡೆಯುವುದಿಲ್ಲ ಎಂದರಂತೆ.

"ಸಹಿ ಹಾಕಿ ಸಿಸ್ಟರ್. ಎಲ್ಲಿ ಬಿದ್ರೆ ಎಂತ? ಬಿದ್ದದ್ದಂತೂ ಹೌದಲ?"

ನಾಳೆ ಹೇಳುತ್ತೇನೆ ಎಂದು ಅವನನ್ನು ಕಳಿಸಿದೆ.

ಮರುದಿನ ರಜೆ ಹಾಕಿ ಬಸ್ಸು ಹಿಡಿದು ವಿಮಾ ಕಚೇರಿಗೆ ಹೋದೆ. ಹೆಸರು ಹೇಳದೆ, ಹೀಗಾದರೆ ಹೇಗೆ ಎಂದು ಕೇಳಿದೆ. ಮೇಜಿನ ಆಚೆ ಕೂತಿದ್ದ ಹಿರಿಯ ಗುಮಾಸ್ತೆ ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು.

"ಎಲ್ಲಿ ಬಿದ್ದರು ಅನ್ನೋದಕ್ಕಿಂತ ಯಾರು ಕಳಿಸಿದ್ರು ಅನ್ನೋದು ಮುಖ್ಯ ಮೇಡಂ. ಮಾಲೀಕ ಕಳಿಸಿದ ಜಾಗದಲ್ಲಿ ಮಾಲೀಕ ಹೇಳಿದ ಕೆಲಸ ಮಾಡುವಾಗ ಬಿದ್ದರೆ ಅದೂ ಕೆಲಸದ ಗಾಯವೇ. ಆದರೆ ಕಳಿಸಿದ್ದು ಅಂತ ತೋರಿಸಬೇಕು. ಮಾಲೀಕ ಇಲ್ಲ ಅಂತಾನೆ. ವಿಚಾರಣೆ ಆಗ್ತದೆ. ತಡ ಆಗ್ತದೆ." ಆಮೇಲೆ ಸ್ವರ ತಗ್ಗಿಸಿದರು. "ಸುಳ್ಳು ಜಾಗ ಬರೆದರೆ ಬೇಗ ಆಗಬಹುದು. ಮುಂದೆ ಯಾವತ್ತಾದರೂ ಗೊತ್ತಾದರೆ ಎಲ್ಲ ನಿಲ್ತದೆ. ಕೊಟ್ಟದ್ದೂ ವಾಪಸ್ ಕೇಳ್ತಾರೆ."

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಕೂತಿದ್ದೆ. ಶರಾವತಿ ಸೇತುವೆಯ ಮೇಲೆ ಮೊದಲ ಮಳೆ ಹಿಡಿಯಿತು. ಕಳಿಸಿದ್ದು ಎಂದು ತೋರಿಸಲು ಏನಿದೆ? ಅವಳು ಆ ದಿನ ಆಸ್ಪತ್ರೆಯಲ್ಲಿ ಇರಲಿಲ್ಲ ಎಂದು ನಾನು ಬರೆದುಕೊಡಬಹುದು. ಹಾಗೆ ಬರೆದರೆ ಐದು ತಿಂಗಳು ಬರೆದದ್ದೆಲ್ಲ ಸುಳ್ಳು ಎಂದು ನಾನೇ ಒಪ್ಪಿದಂತೆ. ಅಷ್ಟಾದರೂ ಕಳಿಸಿದ್ದು ಯಾರು ಎಂಬುದು ಸಾಬೀತಾಗುವುದಿಲ್ಲ.

ಲಾಂಡ್ರಿಯವಳು ನನ್ನನ್ನು ಹುಡುಕಿಕೊಂಡು ಬಂದದ್ದು ಮರುದಿನ. ಬಟ್ಟೆ ಎಣಿಸುವ ನೆಪದಲ್ಲಿ ಬಂದು ಬಾಗಿಲು ಮುಚ್ಚಿದಳು. ಸೆರಗಿನಿಂದ ಫೋನು ತೆಗೆದಳು. ಸ್ವಚ್ಛತೆಯವರೆಲ್ಲ ಇರುವ ವಾಟ್ಸ್ಆ್ಯಪ್ ಗುಂಪಿನಲ್ಲಿ ಮೇಲ್ವಿಚಾರಕ ಪ್ರತಿದಿನ ಬೆಳಿಗ್ಗೆ ಯಾರು ಎಲ್ಲಿಗೆ ಎಂದು ಮಾತಿನಲ್ಲೇ ಹಾಕುತ್ತಿದ್ದ. ಅವಳು ಮುಟ್ಟಳ್ಳಿ ಬಿದ್ದ ದಿನದ್ದನ್ನು ಒತ್ತಿದಳು.

"ಮುಟ್ಟಳ್ಳಿ, ಲಾಂಡ್ರಿ, ಮತ್ತಿಬ್ರು. ಹೆಬ್ಬೆಟ್ಟು ಒತ್ತಿ ಸೀದಾ ಟೆಂಪೋ ಹತ್ತಿ. ಮಂಟಪದ ಮಾಡಿನ ಕಸ ತೆಗೀಬೇಕು. ಮಳೆ ಬರೂದ್ರೊಳಗೆ ಆಗ್ಬೇಕು."

ಅದರ ಕೆಳಗೆ ಮುಟ್ಟಳ್ಳಿಯ ಧ್ವನಿ. "ನನ್ನತ್ರ ಮಾಡು ಹತ್ತೂಕೆ ಆಗೂದಿಲ್ಲ. ಮೇಲೆ ಹೋದ್ರೆ ತಲೆ ತಿರಗ್ತದೆ. ಕೆಳಗಿಂದು ಎಂತದಾದ್ರೂ ಮಾಡ್ತೆ."

ಮತ್ತೆ ಮೇಲ್ವಿಚಾರಕ. "ಆಗೂದಿಲ್ಲ ಅಂದ್ರೆ ನಾಳೆಂದ ಮನೇಲಿರು."

ಆಮೇಲೆ ಅವಳದ್ದು ಒಂದೇ ಪದ. "ಆತು."

ಲಾಂಡ್ರಿಯವಳು ಫೋನನ್ನು ನನ್ನ ಮೇಜಿನ ಮೇಲಿಟ್ಟಳು. ಏಣಿ ಹಿಡಿದುಕೊಂಡು ನಿಂತಿದ್ದವಳು ಅವಳೇ ಅಂತೆ. ಬೆಳಕಿಗೆಂದು ಹಾಕಿದ ಹಳೆ ಫೈಬರ್ ಶೀಟಿನ ಮೇಲೆ ಮುಟ್ಟಳ್ಳಿ ಕಾಲಿಟ್ಟದ್ದನ್ನು ಕೆಳಗಿನಿಂದ ಕಂಡಳಂತೆ, ನೆರಳಿನ ಹಾಗೆ. ಕೂಗುವುದರೊಳಗೆ ಶೀಟು ಒಡೆಯಿತು.

"ಇದನ್ನ ಕೊಟ್ರೆ ನಿನ್ನ ಕೆಲಸ ಹೋಗ್ತದೆ" ಎಂದೆ.

"ಗೊತ್ತುಂಟು."

"ಯಾರು ಕೊಟ್ಟದ್ದು ಅಂತ ಬರೆಯದೆ ಕೊಡಬಹುದಾ ಅಂತ ನೋಡ್ತೇನೆ."

"ಬೇಡ ಸಿಸ್ಟರ್. ಹೆಸರಿಲ್ದಿದ್ರೆ ಯಾರೂ ನಂಬೂದಿಲ್ಲ. ನನ್ನ ಹೆಸರು ಹಾಕಿ." ಎದ್ದು ಹೋಗುವಾಗ ತಿರುಗಿ ನಿಂತಳು. "ನಿಮ್ಮ ಹೆಸರೂ ಹಾಕ್ತೀರಲ?"

ಹಾಕಿದೆ. ಆ ಸಂಜೆ ಮೂರು ಪುಟ ಬರೆದೆ. ನಾನು ನೋಡಿದ ದಿನಗಳು, ಟೆಂಪೋ ನಿಲ್ಲುವ ಜಾಗ, ಹೋದ ಫಿನಾಯಿಲ್ ಡಬ್ಬಗಳು, ಹೊರಗಿನ ಬಟ್ಟೆ ಒಗೆದದ್ದು. ಕೊನೆಯಲ್ಲಿ, ಇದೆಲ್ಲ ಗೊತ್ತಿದ್ದೂ ಐದು ತಿಂಗಳು ಪೂರ್ಣ ಹಾಜರಾತಿ ದೃಢೀಕರಿಸಿದ್ದೇನೆ ಎಂದು. ಆ ಒಂದು ಸಾಲನ್ನು ನಾಲ್ಕು ಸಲ ಬರೆದು ಹೊಡೆದುಹಾಕಿದೆ. ಐದನೆಯ ಸಲ ಬಿಟ್ಟೆ. ಒಂದು ಪ್ರತಿ ವೈದ್ಯಾಧಿಕಾರಿಗಳಿಗೆ, ಒಂದು ಜಿಲ್ಲಾ ಕಚೇರಿಗೆ, ಒಂದು ವಿಮಾ ಕಚೇರಿಗೆ. ವೈದ್ಯಾಧಿಕಾರಿಗಳು ಓದಿ ಕನ್ನಡಕ ತೆಗೆದಿಟ್ಟರು.

"ನನ್ನ ಹತ್ತಿರ ಹೇಳಿದ್ದನ್ನೂ ಬರೆದಿದ್ದೀರಿ."

"ಹೇಳಿದ್ದೆನಲ್ಲ ಸರ್."

"ಹೌದು" ಎಂದರು. ಆಮೇಲೆ ಬಹಳ ದಿನ ನನ್ನೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತು.

ಮುಟ್ಟಳ್ಳಿಯ ಗಂಡ ನನಗೆ ಫೋನು ಮಾಡಿ, ನನ್ನ ಹೆಂಡತಿಯ ಅನ್ನ ಕಸಿದಿರಿ ಎಂದ. ನಾನು ಇಡಲಿಲ್ಲ, ಅವನೇ ಇಟ್ಟ.

ವಿಚಾರಣೆಗೆ ಜಿಲ್ಲಾ ಕಚೇರಿಯಿಂದ ಇಬ್ಬರು ಬಂದದ್ದು ಮಳೆಗಾಲದ ನಡುವೆ. ಒಬ್ಬೊಬ್ಬ ಹೆಂಗಸನ್ನೇ ಕರೆದರು. ಹನ್ನೊಂದರಲ್ಲಿ ಒಬ್ಬಳು ಮಂಗಳೂರಿನಲ್ಲಿ ಮಲಗಿದ್ದಳು. ಎಂಟು ಮಂದಿ ತಮಗೇನೂ ಗೊತ್ತಿಲ್ಲ ಎಂದರು. ಒಬ್ಬಳು ಅತ್ತುಬಿಟ್ಟಳು, ಏನೂ ಹೇಳಲಿಲ್ಲ. ಲಾಂಡ್ರಿಯವಳು ಒಬ್ಬಳೇ ಹೇಳಿದಳು. ಗುತ್ತಿಗೆದಾರರು ಧ್ವನಿ ಮೇಲ್ವಿಚಾರಕನದೇ ಎಂದು ಒಪ್ಪಿಕೊಂಡರು, ಅವನು ತನಗೆ ತಿಳಿಯದೆ ಮಾಡಿದ್ದು ಎಂದರು. ಅವನನ್ನು ತೆಗೆದಿದ್ದೇನೆ ಎಂದೂ ಹೇಳಿದರು.

ನನ್ನ ಸರದಿ ಕೊನೆಗೆ ಬಂತು.

"ಐದು ತಿಂಗಳು ಸಹಿ ಮಾಡಿದ್ದೀರಿ. ಆಗ ಗೊತ್ತಿರಲಿಲ್ಲವೇ?"

"ಗೊತ್ತಿತ್ತು."

"ಮತ್ತೆ ಯಾಕೆ ಮಾಡಿದಿರಿ?"

ಏಳು ಜನರೂ ಇಲ್ಲದಂತಾದರೆ ಎಂಬ ಹೆದರಿಕೆ ಎಂದೆ. ಅದು ನಿಜ. ಎಲ್ಲರೂ ಹಾಕುತ್ತಾರೆ ಎಂಬ ಸದರವೂ ಇತ್ತು. ಅದನ್ನು ಅಲ್ಲಿ ಹೇಳಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ನನಗೆ ನೋಟಿಸು ಬಂತು. ವಾರ್ಷಿಕ ವೇತನ ಬಡ್ತಿ ತಡೆದರು. ಅದೇ ವಾರ, ಅದೇ ಕಚೇರಿಯಿಂದ ಇನ್ನೊಂದು ಕಾಗದವೂ ಬಂತು. ಮುಂದಿನ ಟೆಂಡರಿನಲ್ಲಿ ಗುತ್ತಿಗೆದಾರರು ಸಾರ್ವಜನಿಕ ಹಣ, ಸಾಮಗ್ರಿ ಮತ್ತು ಸಿಬ್ಬಂದಿಯನ್ನು ಬೇರೆ ಉದ್ದೇಶಕ್ಕೆ ಬಳಸದಂತೆ ಯಾವ ಷರತ್ತುಗಳಿರಬೇಕು, ಸಲಹೆ ನೀಡಿ ಎಂದು. ಎರಡೂ ಕಾಗದಕ್ಕೆ ಸಹಿ ಮಾಡಿದವರು ಒಬ್ಬರೇ.

ಷರತ್ತುಗಳನ್ನು ಬರೆಯಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಎಲ್ಲೆಲ್ಲಿ ಸೋರುತ್ತಿತ್ತೆಂದು ನೋಡಿಯಾಗಿತ್ತು. ಹೆಬ್ಬೆಟ್ಟೊಂದೇ ಸಾಲದು, ಪ್ರತಿ ಪಾಳಿಯಲ್ಲಿ ಎರಡು ಸಲ ವಾರ್ಡಿನ ನರ್ಸ್ ಆಯಾ ವಾರ್ಡಿನಲ್ಲೇ ಎಣಿಸಿ ಬರೆಯಬೇಕು. ಆಸ್ಪತ್ರೆಯ ಸಮವಸ್ತ್ರದಲ್ಲಿ ಬೇರೆಡೆ ಕೆಲಸ ಮಾಡಿಸಿದ್ದು ಕಂಡರೆ ಆ ತಿಂಗಳ ಬಿಲ್ಲು ತಡೆಯಬೇಕು. ಯಂತ್ರಕ್ಕೆ ಹಸಿರು ಬಿಟ್ಟು ಬೇರೆ ಬಟ್ಟೆ ಹಾಕಬಾರದು. ಬ್ಲೀಚಿಂಗ್ ಮತ್ತು ಫಿನಾಯಿಲ್ ಉಗ್ರಾಣದಿಂದ ಮೇಲ್ವಿಚಾರಕರಿಗೆ ಕೊಡಬಾರದು, ವಾರ್ಡಿಗೇ ಕೊಡಬೇಕು. ಗುತ್ತಿಗೆದಾರರ ವಾಹನ ಆವರಣದೊಳಗೆ ಬರಬಾರದು. ಕೊನೆಯದನ್ನು ಬಹಳ ಯೋಚಿಸಿ ಬರೆದೆ. ಆಸ್ಪತ್ರೆಯ ಹೊರಗೆ ಕೆಲಸಕ್ಕೆ ಹೋಗಲು ಒಪ್ಪದ ಯಾರನ್ನೂ ಆ ಕಾರಣಕ್ಕೆ ತೆಗೆಯುವಂತಿಲ್ಲ, ತೆಗೆದರೆ ಗುತ್ತಿಗೆ ರದ್ದು.

ಸಭೆಗೆ ನನ್ನನ್ನೂ ಕರೆದರು. ಎಲ್ಲ ಓದಿದ ಮೇಲೆ ಅಧ್ಯಕ್ಷತೆ ವಹಿಸಿದ ಅಧಿಕಾರಿ ಕೊನೆಯದರ ಮೇಲೆ ಪೆನ್ನು ಇಟ್ಟರು.

"ಇದು ಗುತ್ತಿಗೆದಾರರಿಗೂ ಅವರ ಕೆಲಸಗಾರರಿಗೂ ನಡುವಿನ ವಿಷಯ. ನಾವು ಅದರೊಳಗೆ ಹೋಗೋದು ಸರಿಯಲ್ಲ."

"ಸರ್, ಇದು ಇಲ್ಲದಿದ್ದರೆ ಉಳಿದದ್ದು ಯಾವುದೂ ನಿಲ್ಲೋದಿಲ್ಲ. ಅವಳು ಆಗೋದಿಲ್ಲ ಅಂತ ಹೇಳಿದ್ಲು. ಹೇಳಿದ ಮೇಲೂ ಹತ್ತಿದ್ಲು" ಎಂದೆ.

"ನಿಮ್ಮ ಭಾವನೆ ಅರ್ಥವಾಗ್ತದೆ ಸಿಸ್ಟರ್. ಆದರೆ ಇಷ್ಟೆಲ್ಲ ಹಾಕಿದರೆ ಟೆಂಡರಿಗೆ ಯಾರೂ ಬರೋದಿಲ್ಲ."

ಆ ಸಾಲಿನ ಮೇಲೆ ಗೆರೆ ಎಳೆದರು. ಉಳಿದವು ಪಾಸಾದವು. ಹೊಸ ಟೆಂಡರಿನಲ್ಲಿ ಹೊಸ ಹೆಸರಿನ ಏಜೆನ್ಸಿ ಬಂತು. ಅವರ ಮೇಲ್ವಿಚಾರಕನಾಗಿ ಬಂದವನು ಹಳೆಯವನೇ. ಹನ್ನೊಂದರಲ್ಲಿ ಒಂಬತ್ತು ಹೆಂಗಸರನ್ನು ಮುಂದುವರಿಸಿದರು. ಲಾಂಡ್ರಿಯವಳನ್ನು ತೆಗೆದುಕೊಳ್ಳಲಿಲ್ಲ. ಕಾರಣ ಬರೆಯಬೇಕೆಂಬ ಷರತ್ತು ಎಲ್ಲೂ ಇರಲಿಲ್ಲ. ಅವಳಿಗಾಗಿ ನಾನು ಎರಡು ಖಾಸಗಿ ನರ್ಸಿಂಗ್ ಹೋಮುಗಳಲ್ಲಿ ಕೇಳಿದೆ. ಎರಡೂ ಕಡೆ ಅವಳ ಹೆಸರು ಮೊದಲೇ ಮುಟ್ಟಿತ್ತು. ಈಗ ಅವಳು ಮೀನು ಒಣಗಿಸುವ ಕಡೆ ದಿನಗೂಲಿಗೆ ಹೋಗುತ್ತಾಳೆ. ನನಗೆ ಬೇರೆ ತಾಲೂಕಿಗೆ ವರ್ಗವಾಯಿತು.

ಮುಟ್ಟಳ್ಳಿಯನ್ನು ಎರಡು ತಿಂಗಳ ಮೇಲೆ ಮಂಗಳೂರಿನಿಂದ ಕಳಿಸಿದರು. ಗಂಡ ಬೋಟಿಗೆ ಹೋದರೆ ನೋಡಿಕೊಳ್ಳಲು ಯಾರೂ ಇಲ್ಲವೆಂದು ತವರಿಗೆ ತಂದು ಮಲಗಿಸಿದರು. ನಾನು ಹೋಗುವಷ್ಟರಲ್ಲಿ ಸೊಂಟದ ಕೆಳಗೆ ಅಂಗೈಯಗಲದ ಹುಣ್ಣಾಗಿತ್ತು. ಎರಡು ತಾಸಿಗೊಮ್ಮೆ ಹೊರಳಿಸಬೇಕೆಂದು ಹೇಳಿ ಕಳಿಸಿದ್ದರು. ಹೊರಳಿಸಲು ಮನೆಯಲ್ಲಿದ್ದದ್ದು ಬೆನ್ನು ಬಾಗಿದ ತಾಯಿ ಒಬ್ಬಳೇ, ಮುಟ್ಟಳ್ಳಿ ಅಬ್ಬಿ ಎಂದು ಕರೆಯುವವಳು. ಸತ್ತ ಚರ್ಮ ಕತ್ತರಿಸಿ, ಉಪ್ಪು ನೀರಿನಲ್ಲಿ ತೊಳೆದು, ಶುದ್ಧೀಕರಿಸಿದ ಜಾಳು ಬಟ್ಟೆ ತುಂಬಿದೆ. ಮುಟ್ಟಳ್ಳಿಗೆ ನೋವು ತಿಳಿಯುತ್ತಿರಲಿಲ್ಲ. ಮಂಚದ ಮೇಲಿನ ತೊಲೆಗೆ ಒಂದು ಹಗ್ಗ ಕಟ್ಟಿಕೊಟ್ಟು, ಅದನ್ನು ಹಿಡಿದು ಹೊರಳುವುದನ್ನು ಅಭ್ಯಾಸ ಮಾಡಿಸಿದೆ. ಗಾಳಿ ತುಂಬುವ ಹಾಸಿಗೆ ತಂದುಕೊಟ್ಟೆ. ವಿಮೆಯ ಹಣ ಬಂದಿದ್ದರೆ ಹಾಸಿಗೆಯೂ ಬೇಗ ಬರುತ್ತಿತ್ತು, ಮನೆಗೆ ಒಂದು ಆಳೂ ಬರುತ್ತಿತ್ತು. ನಾನು ಮೆಟ್ಟಿಲು ಎಂದು ಸಹಿ ಹಾಕಿದ್ದರೆ ಆ ಹುಣ್ಣು ಅ‍ಷ್ಟು ದೊಡ್ಡದಾಗುತ್ತಿರಲಿಲ್ಲವೇನೋ ಎಂದು ಪ್ರತಿ ಭಾನುವಾರ ಪಟ್ಟಿ ಬದಲಿಸಲು ಹೋದಾಗ ಅನ್ನಿಸುತ್ತಿತ್ತು.

ವಿಮಾ ಕಚೇರಿಯ ಅಧಿಕಾರಿ ಅವಳ ಹೇಳಿಕೆ ಪಡೆಯಲು ಬಂದದ್ದು ಭತ್ತ ಕೊಯ್ದು ಮುಗಿದ ಮೇಲೆ. ಆ ದಿನ ನಾನೂ ಇದ್ದೆ. ಅವಳ ಗಂಡ ಬಾಗಿಲ ಬಳಿ ನಿಂತಿದ್ದ. ಹಿಂದಿನ ವಾರ ಗುತ್ತಿಗೆದಾರರ ಕಡೆಯವರು ಬಂದು, ಮೆಟ್ಟಿಲು ಎಂದು ಹೇಳಲಿ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಎಂದಿದ್ದರಂತೆ. ಗಂಡನಿಗೆ ಅವರ ಹೋಂಸ್ಟೇಯಲ್ಲಿ ಕಾಯಂ ಕೆಲಸ ಕೊಡುವ ಮಾತೂ ಆಗಿತ್ತು. ಸಮುದ್ರಕ್ಕೆ ಹೋಗದೆ ಹೆಂಡತಿಯ ಹತ್ತಿರ ಇರಬಹುದೆಂದು ಅವನಿಗೆ ಆಸೆಯಿತ್ತು. ಅದನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ.

"ಎಲ್ಲಿ ಬಿದ್ದದ್ದು?" ಎಂದು ಅಧಿಕಾರಿ ಕೇಳಿದರು.

ಮುಟ್ಟಳ್ಳಿ ಗಂಡನನ್ನು ನೋಡಿದಳು. ನನ್ನನ್ನು ನೋಡಲಿಲ್ಲ.

"ಮಂಟಪದ ಮಾಡಿಂದ. ಆಗೂದಿಲ್ಲ ಹೇಳಿದ್ದೆ. ಮನೇಲಿರು ಅಂದ್ರು. ಹತ್ತಿದೆ." ಆಮೇಲೆ ಗಂಡನಿಗೆ ಹೇಳಿದಳು, "ನಾ ಬಿದ್ದ ಜಾಗ ನಾ ಹೇಳ್ದೆ ಇನ್ಯಾರು ಹೇಳ್ತಾರೆ?"

ಅವನು ಅಂಗಳಕ್ಕೆ ಇಳಿದು ಹೋದ.

ಕೆಲಸದ ಗಾಯವೆಂದು ಒಪ್ಪಿ ಆದೇಶ ಬಂದದ್ದು ಮತ್ತೊಂದು ಮಳೆಗಾಲ ಹಿಡಿದ ಮೇಲೆ. ತಿಂಗಳು ತಿಂಗಳು ಅವಳು ಬದುಕಿರುವವರೆಗೆ ಪಿಂಚಣಿ. ಆದೇಶ ಇಂಗ್ಲಿಷಿನಲ್ಲಿತ್ತು. ಆ ಭಾನುವಾರ ಮಂಚದ ಬಳಿ ಕೂತು ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದೆ. ತಾಯಿ ಕೈಮುಗಿದಳು. ಮುಟ್ಟಳ್ಳಿ ಬಹಳ ಇಳಿದುಹೋಗಿದ್ದಳು. ಹುಣ್ಣು ಮೇಲೆ ಮಾಗಿದಂತೆ ಕಂಡರೂ ಒಳಗೆ ಎಲುಬಿನವರೆಗೆ ಹೋಗಿತ್ತು. ಅದನ್ನು ನಾನು ಅವಳಿಗೆ ಹೇಳಿದ್ದೆ. ಸುಳ್ಳು ಹೇಳಿರಲಿಲ್ಲ.

ತಾಯಿ ಚಹಾಕ್ಕೆಂದು ಒಳಗೆ ಹೋದಳು. ಒಂದು ವರ್ಷದಿಂದ ಕೇಳಬೇಕೆಂದುಕೊಂಡದ್ದನ್ನು ಆಗ ಕೇಳಿದೆ.

"ನನ್ನ ಮೇಲೆ ಸಿಟ್ಟಿದೆಯಾ?"

"ಸಹಿ ಹಾಕ್ಲಿಲ್ಲ ಹೇಳಿಯಾ? ಇಲ್ಲ" ಎಂದಳು.

"ಅದಲ್ಲ. ಅದಕ್ಕೂ ಮೊದಲು ಹಾಕಿದ್ದಕ್ಕೆ."

ಅವಳು ಹೊದಿಕೆಯ ಅಂಚನ್ನು ಎದೆಯವರೆಗೆ ಎಳೆದುಕೊಂಡಳು.

"ಉಂಟು ಸಿಸ್ಟರ್. ನೀವು ಹೇಳಿದ್ರೆ ನಿಲ್ತಿತ್ತೇನ. ಗೊತ್ತಿಲ್ಲ. ಸಿಟ್ಟು ಉಂಟು." ಹಗ್ಗಕ್ಕೆ ಕೈ ಚಾಚಿದಳು. "ನೀವು ಬರೂದು ಬಿಡಬೇಡಿ. ಅಬ್ಬಿ ಹತ್ರ ಇದೆಲ್ಲ ಆಗೂದಿಲ್ಲ."

ಆತು ಎಂದೆ.

ಅವಳು ಹಗ್ಗ ಹಿಡಿದು, ಹಲ್ಲು ಕಚ್ಚಿ, ಮೈಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು. ನಾನು ಕೈಗವಸು ಹಾಕಿಕೊಂಡು ಹಳೆ ಪಟ್ಟಿ ಬಿಚ್ಚತೊಡಗಿದೆ.